ಬಚ್ಚಲ ನೀರಿನ ತೆಂಗು

ಗುಡ್ಡದಪಾಳ್ಯದಲ್ಲಿ ಮಗು ಹುಟ್ಟಿದರೆ, ಹೆಸರಿಡುವ ದಿನ ಬಚ್ಚಲ ನೀರು ಹರಿದುಹೋಗುವ ಕಡೆ ಒಂದು ತೆಂಗಿನ ಸಸಿ ನೆಡುತ್ತಾರೆ. ಮಗುವಿಗೆ ಎರೆದ ನೀರು ಆ ಸಸಿಯ ಬುಡಕ್ಕೇ ಹೋಗಬೇಕು. ಮೈಗೆ ತಿಕ್ಕಿದ ಹರಳೆಣ್ಣೆ, ತಲೆಗೆ ಹಾಕಿದ ಸೀಗೆಪುಡಿ, ಕೆನ್ನೆಯ ಮೇಲಿಟ್ಟ ಕಾಡಿಗೆಯ ಬೊಟ್ಟು ಎಲ್ಲವೂ ಆ ನೀರಿನೊಂದಿಗೆ ಇಳಿದು ಬೇರು ಸೇರುತ್ತವೆ. ಮಗುವಿನ ಹೆಸರೇ ಮರಕ್ಕೂ ನಿಲ್ಲುತ್ತದೆ. ದ್ರಾಕ್ಷಾಯಣಿ ಎಂಬವಳು ತುರುವೇಕೆರೆಗೆ ಮದುವೆಯಾಗಿ ಹೋಗಿ ಅಜ್ಜಿಯಾಗಿದ್ದರೂ ತವರಿನವರು ಮಾತ್ರ ಇಂದಿಗೂ, ದ್ರಾಕ್ಷಾಯಣಿಯಲ್ಲಿ ಈ ಸಲ ಕಾಯಿ ಚೆನ್ನಾಗಿದೆ ಎನ್ನುತ್ತಾರೆ.

ಗುರುಶಾಂತಮ್ಮನ ಹಿತ್ತಲಲ್ಲಿದ್ದದ್ದು ಶಂಭುವಿನ ಮರ. ಶಂಭು ಇರಲಿಲ್ಲ.

ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಒಬ್ಬನೇ ಮಗ ಅವನು. ಮಾತು ಬಂದು, ಅಂಗಳ ದಾಟಿ ಓಡಾಡುವಷ್ಟಾದಾಗ ಒಂದು ಕಾರ್ತಿಕದಲ್ಲಿ ಜ್ವರ ಬಂತು. ಶೆಟ್ಟಿಕೆರೆಯವರೆಗೆ ಗಾಡಿಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾಪಸು ಬರುವಾಗ ಅದೇ ಬಸ್ಸಿನಲ್ಲಿ ಅವಳು ಮಗುವನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಪಕ್ಕದಲ್ಲಿ ಕೂತವರಿಗೆ ಮಗು ನಿದ್ದೆ ಮಾಡುತ್ತಿದೆ ಅನ್ನಿಸಿರಬೇಕು. ಕೆರೆಯ ಕೆಳಗಿನ ತೋಟದಲ್ಲಿ, ಹಿರಿಯರ ಗದ್ದುಗೆಗಳ ಸಾಲಿನ ಕೊನೆಯಲ್ಲಿ, ಅವನನ್ನು ಮಣ್ಣಿಗೆ ಒಪ್ಪಿಸಿದರು. ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಕೂರಿಸಿದಾಗ ಅದು ಪೂಜೆಗೆ ಕೂತ ಮಗುವಿನ ಹಾಗೇ ಇತ್ತು. ಅವಳ ಗಂಡ ಮರುಳಸಿದ್ದಯ್ಯ ಒಂದು ಹನಿ ಕಣ್ಣೀರು ಹಾಕಲಿಲ್ಲ. ಶಿವನು ಕೊಟ್ಟದ್ದನ್ನು ಶಿವನಿಗೆ ಕೊಟ್ಟೆವು ಎಂದು ಬಂದವರಿಗೆಲ್ಲ ತಾನೇ ಸಮಾಧಾನ ಹೇಳಿದ.

ಮರುದಿನ ಬೆಳಿಗ್ಗೆ ಗುರುಶಾಂತಮ್ಮ ಎದ್ದು ಬಚ್ಚಲ ಹಂಡೆಗೆ ಉರಿ ಹಾಕಿದಳು. ನೀರು ಕಾಯಿತು. ಎರೆಯುವುದಕ್ಕೆ ಯಾರೂ ಇರಲಿಲ್ಲ. ಅವಳು ಒಂದು ಕೊಡ ನೀರನ್ನು ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ಹಿತ್ತಲಿಗೆ ತಂದು ಸಸಿಯ ಬುಡಕ್ಕೆ ಸುರಿದಳು. ಆವತ್ತಿನಿಂದ ಅದು ತಪ್ಪಲಿಲ್ಲ. ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರು, ಬೇಸಗೆಯಲ್ಲಿ ತಣ್ಣೀರು. ಊರಿನವರು ನೋಡಿದರು, ಯಾರೂ ನಗಲಿಲ್ಲ. ಬೇಲಿಯಾಚೆ ಮನೆಯ ಕೆಂಪಕ್ಕ ಮಾತ್ರ ಕೆಲವು ವರ್ಷ ಕಳೆದ ಮೇಲೆ ಒಂದು ದಿನ, ಇಷ್ಟು ಎತ್ತರ ಬೆಳೆದ ಗಂಡಸಿಗೆ ಇನ್ನೂ ನೀನೇ ಎರೆಯಬೇಕೇನೆ, ನಾಚಿಕೆ ಆಗಲ್ವೇನೆ ಅವನಿಗೆ ಎಂದು ಕೇಳಿದಳು. ಗುರುಶಾಂತಮ್ಮ ನಕ್ಕುಬಿಟ್ಟಳು. ಮಗ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅದಕ್ಕಾಗಿ ಕೆಂಪಕ್ಕನ ಒಂದು ಋಣ ಅವಳ ಮೇಲೆ ಕೊನೆಯವರೆಗೂ ಉಳಿಯಿತು.

ಮರ ಫಲಕ್ಕೆ ಬಂತು. ಮೊದಲ ಕಾಯಿಯನ್ನು ಹಳ್ಳದಾಚೆಯ ಹಳೇ ಮಠಕ್ಕೆ ಒಪ್ಪಿಸಿದರು. ಆಮೇಲಿನ ಕಾಯಿಗಳನ್ನು ಗುರುಶಾಂತಮ್ಮ ತೋಟದ ಕಾಯಿಯ ಜೊತೆ ಸೇರಿಸಲಿಲ್ಲ. ಅಟ್ಟದ ಮೇಲೆ ಒಂದು ಮೂಲೆಯಲ್ಲಿ ಬಿದಿರ ತಟ್ಟಿ ಕಟ್ಟಿಸಿ ಅದರ ಹಿಂದೆ ಇಡಿಸಿದಳು. ಆ ಸೀಮೆಯಲ್ಲಿ ಕೊಬ್ಬರಿ ಮಾಡುವುದು ಮನುಷ್ಯರಲ್ಲ, ಕಾಲ. ಸಿಪ್ಪೆ ಸುಲಿಯದ ಕಾಯಿಯನ್ನು ಅಟ್ಟಕ್ಕೆ ಏರಿಸಿಬಿಡುತ್ತಾರೆ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಬಿಸಿ. ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಉಂಡೆ ಚಿಪ್ಪಿಗೆ ಬಡಿದು ಗಟಗಟ ಎನ್ನುತ್ತದೆ. ಆ ಸದ್ದಿಗಾಗಿ ಇಡೀ ಸೀಮೆ ಕಾಯುತ್ತದೆ. ಪ್ರತಿ ಕಾರ್ತಿಕದಲ್ಲಿ ಶಂಭು ಹೋದ ದಿನ ಅವಳು ಹಿಂದಿನ ವರ್ಷದ ಉಂಡೆಗಳನ್ನು ಒಡೆದು, ಬೆಲ್ಲದ ಜೊತೆ ಊರಿಗೆಲ್ಲ ಹಂಚುತ್ತಿದ್ದಳು. ಅವನ ಮರದ ಕೊಬ್ಬರಿಗೆ ಒಂದು ಸಿಹಿ ಇತ್ತು. ತಾಯಿಯ ಮನಸ್ಸಿಗಷ್ಟೇ ಅಲ್ಲ, ಎಲ್ಲರ ಬಾಯಿಗೂ ಅದು ತಿಳಿಯುತ್ತಿತ್ತು.

ಆ ಸಿಹಿ ಬಾವಿಯದು ಎಂದು ಮರುಳಸಿದ್ದಯ್ಯ ಹೇಳುತ್ತಿದ್ದ. ಹಿತ್ತಲ ಬಾವಿಯನ್ನು ಅವನ ತಾತ ತೋಡಿಸಿದ್ದು. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಹಳದಿ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ಬಂಡೆ ಸಿಕ್ಕಿದ ಕಡೆ ತಾತ ನಿಲ್ಲಿಸಿದ್ದ. ಹಳದಿ ಕಲ್ಲಿನ ಸುತ್ತಿನಿಂದ ಸದ್ದಿಲ್ಲದೆ ಒಸರುವ ನೀರು ಬೇಳೆಯನ್ನು ಹೂವಿನಂತೆ ಬೇಯಿಸುತ್ತಿತ್ತು.

ಊರ ಹಿಂದಿನ ಗುಡ್ಡದಲ್ಲಿ ಕರಿ ಅದಿರಿನ ಗಣಿ ಮೊದಲಿನಿಂದಲೂ ಇತ್ತು. ಹಿಂದೆಲ್ಲ ಗುದ್ದಲಿ, ಪುಟ್ಟಿಗಳ ಕೆಲಸ. ಶಂಭುವಿನ ಮರ ಮೂರನೆಯ ಫಸಲು ಕೊಟ್ಟ ಹೊತ್ತಿಗೆ ದೊಡ್ಡ ಯಂತ್ರಗಳು ಬಂದವು. ಮಧ್ಯಾಹ್ನ ಬಂಡೆ ಸಿಡಿದರೆ ಗೂಡಿನಲ್ಲಿಟ್ಟ ಹಿತ್ತಾಳೆ ಚೆಂಬು ನಡುಗುತ್ತಿತ್ತು. ಗುಂಡಿ ಆಳವಾದಂತೆ ಅದರೊಳಗೆ ನೀರು ಬಂತು. ನೀರು ನಿಂತರೆ ಅದಿರು ತೆಗೆಯಲಾಗದು. ಪಂಪು ಇಟ್ಟು ಹಗಲಿರುಳು ಹಳ್ಳಕ್ಕೆ ಹರಿಸಿದರು. ಗುಡ್ಡದ ಹೊಟ್ಟೆಯ ನೀರು ಹಾಗೆ ಹೋಗುತ್ತಿದ್ದರೆ, ಇಲ್ಲಿ ಹಿತ್ತಲ ಬಾವಿಯಲ್ಲಿ ನೀರು ಇಳಿಯುತ್ತ ಬಂತು. ಹಗ್ಗಕ್ಕೆ ಹಗ್ಗ ಗಂಟು ಹಾಕಿದರು. ಒಂದು ಬೇಸಗೆ ಕೊಡದಲ್ಲಿ ಕೆಸರು ಬಂತು.

ಕೆರೆ ಕೆಳಗಿನ ತೋಟಕ್ಕೆ ಅಷ್ಟು ಭಯವಿರಲಿಲ್ಲ, ಅಲ್ಲಿ ತೇವವಿತ್ತು. ದಿಬ್ಬದ ಮೇಲೆ ಒಂಟಿಯಾಗಿ ನಿಂತದ್ದು ಹಿತ್ತಲ ಮರ. ಗುರುಶಾಂತಮ್ಮ ಕೆರೆಯ ಗುಂಡಿಯಿಂದ ಹೊತ್ತು ತಂದು ಹಾಕಿದಳು, ಆಮೇಲೆ ಆ ಗುಂಡಿಯೂ ಒಣಗಿತು, ಹಳ್ಳದಾಚೆಯ ಮಠದ ಬಾವಿಯಲ್ಲೂ ಆ ಬೇಸಗೆ ತಳ ಕಂಡಿತ್ತು. ಬಾವಿಯ ಬಂಡೆ ಸಿಡಿಸಿ ಇನ್ನೂ ಇಳಿಸೋಣ ಎಂದಳು. ಮರುಳಸಿದ್ದಯ್ಯನಿಗೆ ಮನಸ್ಸು ಬರಲಿಲ್ಲ. ಇದೊಂದು ಬೇಸಗೆ, ಮಳೆ ಹಿಡಿದರೆ ಒರತೆ ತಾನಾಗಿ ಬರುತ್ತದೆ ಎಂದ. ಅವಳು ಊಟಕ್ಕೆ ಕೂತವನ ಎದುರು ನೀರಿನ ಲೋಟ ಇಟ್ಟು ಹೇಳಿದಳು.

"ನೀವು ಕುಡೀರಿ. ಹಿತ್ಲಾಗೆ ಮಗ ಬಾಯಾರ್ಕೊಂಡು ನಿಂತವ್ನೆ."

ಆವತ್ತು ಅವನು ನೀರು ಮುಟ್ಟದೆ ಎದ್ದ. ಮರುದಿನ ಬಾವಿ ಕೆಲಸದ ದುರ್ಗಯ್ಯನನ್ನು ಕರೆತಂದ.

ದುರ್ಗಯ್ಯ ಬಂಡೆಗೆ ತೂತು ಹಾಕಿ, ಮದ್ದು ತುಂಬಿ ಸಿಡಿಸಿದ. ಕಲ್ಲು ಎತ್ತಿಹಾಕಿ ಮತ್ತೆ ಸಿಡಿಸಿದ. ಕೊನೆಗೊಂದು ದಿನ ಬಂಡೆ ಸೀಳಿ ಒಳಗಿನಿಂದ ಕಾಡಿಗೆಯಂತೆ ಮಿನುಗುವ ಕರಿ ಕಲ್ಲಿನ ಪಟ್ಟೆಯೊಂದು ಕಂಡಿತು. ಅದರ ಸಂದಿನಿಂದ ನೀರು ಚಿಮ್ಮಿತು. ದುರ್ಗಯ್ಯ ಗುದ್ದಲಿ ಬಿಟ್ಟು ಹಗ್ಗ ಹಿಡಿದು ಮೇಲೆ ಬರುವಷ್ಟರಲ್ಲಿ ಮೊಣಕಾಲುದ್ದ ನಿಂತಿತ್ತು. ಕಣ್ಣೀರಿನಷ್ಟು ತಿಳಿ. ಗುರುಶಾಂತಮ್ಮ ಅರಿಸಿನ ಕುಂಕುಮ, ಹೂವು, ಕುಪ್ಪಸದ ಕಣ ಇಟ್ಟು ಗಂಗೆಯನ್ನು ಪೂಜಿಸಿದಳು. ದುರ್ಗಯ್ಯ ಒದ್ದೆ ಮೈಯಲ್ಲೇ ಕೈಮುಗಿದು, ಗಂಗವ್ವ ಒಲಿದವಳೆ ಕಣವ್ವ, ಇನ್ನು ನಿನ್ನ ಕೈ ಬಿಡಲ್ಲ ಎಂದ. ಮೊದಲ ಕೊಡವನ್ನು ಅವಳು ಯಾರಿಗೂ ಕೊಡದೆ ನೇರವಾಗಿ ಮರದ ಬುಡಕ್ಕೆ ಒಯ್ದಳು.

ಕೊಡದಲ್ಲಿ ತಿಳಿಯಾಗಿದ್ದ ನೀರು ಬೆಳಗಾಗುವಷ್ಟರಲ್ಲಿ ಮೇಲೆ ತೆಳ್ಳಗೆ ಕರಿ ಪೊರೆ ಕಟ್ಟುತ್ತಿತ್ತು. ಅನ್ನ ಬೂದಿ ಬಣ್ಣಕ್ಕೆ ತಿರುಗಿತು. ಒಗೆದ ಪಂಚೆಯ ಮೇಲೆ ತುಕ್ಕಿನಂಥ ಕಲೆ ನಿಂತಿತು. ಬಾಯಿಗೆ ಹಾಕಿದರೆ ಹಳೇ ಕುಡುಗೋಲು ನೆಕ್ಕಿದ ರುಚಿ. ಹೊಸದಾಗಿ ಸಿಡಿಸಿದ ಬಾವಿ ಹಾಗೇ, ಒಂದು ಮಳೆಗಾಲ ತೊಳೆದುಕೊಂಡರೆ ಸರಿಹೋಗುತ್ತದೆ ಎಂದು ಎಲ್ಲರೂ ಅಂದರು. ನೀರು ಸಿಹಿಯಾಗಲೆಂದು ನೆಲ್ಲಿ ಮರದ ಕೊರಡೊಂದನ್ನು ಬಾವಿಗೆ ಇಳಿಬಿಟ್ಟರು. ಮಳೆಗಾಲ ಬಂದು ಹೋಯಿತು, ಆ ನೀರು ಹಾಗೇ ಇತ್ತು. ಜನ ಅದಕ್ಕೆ ಹೊಂದಿಕೊಂಡರು. ಕುಡಿಯುವ ಹೊಟ್ಟೆ ಎಂಥದಕ್ಕೂ ಹೊಂದಿಕೊಳ್ಳುತ್ತದೆ.

ಮರುಳಸಿದ್ದಯ್ಯನಿಗೆ ಒಂದು ವಿಷಯಕ್ಕೆ ಮಾತ್ರ ಹೊಂದಿಕೆಯಾಗಲಿಲ್ಲ. ಪೂಜೆಯಲ್ಲಿ ಅಂಗೈಯ ಲಿಂಗಕ್ಕೆ ಎರೆದ ನೀರು ಬಟ್ಟಲಲ್ಲಿ ಕಪ್ಪಾಗುತ್ತಿತ್ತು. ಲಿಂಗವಿಡುವ ಬೆಳ್ಳಿ ಕರಡಿಗೆಯೂ ಎಷ್ಟು ಉಜ್ಜಿದರೂ ಮಂಕಾಗುತ್ತಿತ್ತು. ಈ ನೀರು ಶಿವನಿಗೆ ಸಲ್ಲದು ಎಂದು ಅವನ ಮನಸ್ಸಿಗೆ ಬಂತು. ಆದರೆ ಹೆಂಡತಿ ಪೂಜೆ ಮಾಡಿ ಬರಮಾಡಿಕೊಂಡ ಗಂಗೆ ಅದು. ಸಲ್ಲದು ಎಂದು ಅವಳೆದುರು ಹೇಗೆ ಅನ್ನುವುದು. ಬೆಳಗಿನ ಜಾವ ಸಣ್ಣ ತಾಮ್ರದ ಚೆಂಬು ಹಿಡಿದು ಹಳ್ಳದಾಚೆಗೆ ನಡೆದು, ಮಠದ ಬಾವಿಯಿಂದ ಪೂಜೆಗಾಗುವಷ್ಟು ನೀರು ತರತೊಡಗಿದ. ಯಾಕೆ ಎಂದು ಕೇಳಿದ್ದಕ್ಕೆ ವ್ರತ ಎಂದ. ವ್ರತದ ಕಾರಣ ಬಾಯಿಬಿಟ್ಟರೆ ಫಲ ಕೆಡುತ್ತದೆ. ಆದ್ದರಿಂದ ಗುರುಶಾಂತಮ್ಮ ಮತ್ತೆ ಕೇಳಲಿಲ್ಲ. ಮಗನಿಗಾಗಿಯೇ ಇರಬೇಕು ಎಂದುಕೊಂಡು ಆ ಚೆಂಬನ್ನು ದಿನಾ ಹುಣಸೆಹಣ್ಣು ಹಾಕಿ ತಾನೇ ಬೆಳಗಿ ಇಡುತ್ತಿದ್ದಳು.

ಅಷ್ಟರಲ್ಲಿ ಮರದ ಕೆಳಗಿನ ಗರಿಗಳು ಹಳದಿಯಾದವು. ಹಳದಿ ಮೇಲಕ್ಕೆ ಹತ್ತಿತು. ಮುಷ್ಟಿಗಾತ್ರದ ಮಿಡಿಗಳು ರಾತ್ರಿ ಕಳೆದು ಬೆಳಗಾದರೆ ನೆಲದಲ್ಲಿ ಬಿದ್ದಿರುತ್ತಿದ್ದವು. ಅವಳು ಅವನ್ನು ಆರಿಸಿ ಮಡಿಲಿಗೆ ತುಂಬಿಕೊಂಡು ಒಳಗೆ ಬರುತ್ತಿದ್ದಳು.

ತೆಂಗು ಹಳದಿಯಾದರೆ ಆ ಸೀಮೆಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಬುಡ ಬಿಡಿಸಿ ಉಪ್ಪು ಹಾಕುವುದು, ನೀರು ಜಾಸ್ತಿ ಬಿಡುವುದು. ತಾತ ಮಾಡಿದ್ದು, ಅಪ್ಪ ಮಾಡಿದ್ದು, ಮಾಡಿ ಫಲ ಕಂಡದ್ದು. ಗುರುಶಾಂತಮ್ಮ ಸಂತೆಯಿಂದ ಕಲ್ಲುಪ್ಪು ತರಿಸಿದಳು. ತಾನೇ ಗುದ್ದಲಿ ಹಿಡಿದು ಬುಡದ ಸುತ್ತ ಪಾತಿ ಬಿಡಿಸಿ, ಬೇರಿಗೆ ಏಟಾಗದಂತೆ ಕೈಯಲ್ಲೇ ಮಣ್ಣು ಸರಿಸಿ, ಉಪ್ಪು ಹರಡಿ ಮುಚ್ಚಿದಳು. ಒಂದು ಕೊಡದ ಜಾಗದಲ್ಲಿ ನಾಲ್ಕು ಕೊಡ ಸುರಿದಳು. ಸ್ವಲ್ಪ ದಿನಕ್ಕೆ ನಡುವೆ ಹೊಸ ಸುಳಿ ಕಾಣಿಸಿದಂತಾಯಿತು. ಅವಳು ಬೇಲಿಯ ಹತ್ತಿರ ಹೋಗಿ ಕೆಂಪಕ್ಕನನ್ನು ಕೂಗಿ ತೋರಿಸಿದಳು. ಉಪ್ಪಿನ ಋಣ ಇಟ್ಕೊಳೋನಲ್ಲ ಕಣೆ ನಿನ್ ಮಗ ಎಂದು ಕೆಂಪಕ್ಕ ಧೈರ್ಯ ತುಂಬಿದಳು. ಮುಂದಿನ ತಿಂಗಳು ಮತ್ತೆ ಉಪ್ಪು ಹಾಕಿದಳು. ಅದರ ಮುಂದಿನ ತಿಂಗಳೂ ಹಾಕಿದಳು. ಮರ ಕುಗ್ಗಿದಷ್ಟೂ ಅವಳ ಕೈ ಧಾರಾಳವಾಯಿತು.

ಬಾವಿ ಇಳಿಸಿದ ಮೂರನೆಯ ವರ್ಷ, ಮಳೆಗಾಲ ಮುಗಿಯುತ್ತಿದ್ದಾಗ ಊರಿಗೆ ಒಂದು ಜೀಪು ಬಂತು. ಅಂತರ್ಜಲ ನೋಡುವ ಇಲಾಖೆಯವರಂತೆ. ಗಣಿಯ ಸುತ್ತಲಿನ ಊರುಗಳ ಬಾವಿ ನೀರನ್ನೆಲ್ಲ ಪರೀಕ್ಷೆ ಮಾಡುತ್ತಿದ್ದರು. ಇಳಿದವರು ಹಾಸನದ ಕಡೆಯ ಒಬ್ಬ ಮೇಷ್ಟರಂಥ ಮನುಷ್ಯ. ಮೆದು ಮಾತು, ಕೈಯಲ್ಲಿ ಗಾಜಿನ ಸೀಸೆಗಳ ಪೆಟ್ಟಿಗೆ. ಬಾವಿಯೊಳಗೆ ಬಗ್ಗಿ ಬಹಳ ಹೊತ್ತು ಕಲ್ಲಿನ ಪದರಗಳನ್ನೇ ನೋಡಿದರು. ಆಮೇಲೆ ಜಗುಲಿಯ ಮೇಲೆ ಕೂತು, ಸೀಸೆಯ ನೀರಿಗೆ ಏನೋ ಹನಿ ಬಿಟ್ಟು ಬೆಳಕಿಗೆ ಹಿಡಿದರು. ಮುಖ ಸಪ್ಪಗಾಯಿತು. ಮನೆಯಲ್ಲಿ ಬೇರೆ ಕಡೆಯ ನೀರೇನಾದರೂ ಇದೆಯೇ, ಹೋಲಿಸಿ ನೋಡಬೇಕಿತ್ತು ಎಂದು ಕೇಳಿದರು.

ಗುರುಶಾಂತಮ್ಮ ಸ್ವಲ್ಪ ಹೆಮ್ಮೆಯಿಂದಲೇ, ಇದೆ ಸ್ವಾಮಿ, ನಮ್ಮೆಜಮಾನರು ವ್ರತ ಹಿಡಿದು ಮಠದ ಬಾವಿಯಿಂದ ದಿನಾ ಪೂಜೆಗೆ ತರುತ್ತಾರೆ ಎಂದು ಒಳಗೆ ಹೋಗಿ ತಾಮ್ರದ ಚೆಂಬು ತಂದು ಕೊಟ್ಟಳು. ಕಂಬಕ್ಕೆ ಒರಗಿ ನಿಂತಿದ್ದ ಮರುಳಸಿದ್ದಯ್ಯ ಅವಳನ್ನು ತಡೆಯುವವನಂತೆ ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಕಂಬಕ್ಕೇ ಒರಗಿದ.

ಚೆಂಬಿನ ನೀರು ಹನಿ ಬಿಟ್ಟ ಮೇಲೂ ತಿಳಿಯಾಗೇ ನಿಂತಿತು. ಆ ಮನುಷ್ಯ ಎರಡು ಸೀಸೆಗಳನ್ನೂ ಪಕ್ಕಪಕ್ಕ ಇಟ್ಟು, ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ವಿವರಿಸಿದರು. ಮಠದ ಬಾವಿ ಮೇಲಿನ ಹಳದಿ ಕಲ್ಲಿನಲ್ಲೇ ನಿಂತಿದೆ, ಅದಕ್ಕೆ ಕೆರೆಯ ನೀರು, ಮಳೆಯ ನೀರು ಬಸಿದು ಬರುತ್ತದೆ. ನಿಮ್ಮ ಬಾವಿಯದೂ ಮೊದಲು ಅದೇ ನೀರು. ಕೆಳಗಿನ ಕರಿ ಕಲ್ಲಿನ ಪಟ್ಟೆ ಗುಡ್ಡದಿಂದ ಓರೆಯಾಗಿ ಇಳಿದು ನಿಮ್ಮ ಹಿತ್ತಲ ಅಡಿಗೆ ಬರುತ್ತದೆ, ಅದರ ಬಿರುಕುಗಳೆಲ್ಲ ಗಣಿ ಗುಂಡಿಗೆ ಸೇರಿವೆ. ಗುಂಡಿಯಲ್ಲಿ ಅದಿರು ತೊಳೆದು, ಪಂಪಿಗೆ ಸಿಗದೆ ಬಿರುಕಿಗೆ ಇಳಿದ ನೀರೇ ಈ ದಾರಿಯಲ್ಲಿ ನಿಮ್ಮ ಬಾವಿಗೆ ಬರುತ್ತಿದೆ. ಬಂಡೆ ಮುಚ್ಚಳದ ಹಾಗಿತ್ತು, ಅದನ್ನು ಸೀಳಿದ್ದರಿಂದ ದಾರಿ ತೆರೆಯಿತು. ಈ ನೀರನ್ನು ಇನ್ನು ಕುಡಿಯಬೇಡಿ ಎಂದರು.

"ಗಿಡಕ್ಕೆ ಹಾಕ್ಬೋದಾ?" ಗುರುಶಾಂತಮ್ಮ ಕೇಳಿದಳು.

"ಬೇಡಮ್ಮ. ಗಿಡಕ್ಕೂ ಒಳ್ಳೇದಲ್ಲ."

"ಉಪ್ಪು ಹಾಕಿದೀವಿ. ತಿಂಗ್ಳು ತಿಂಗ್ಳು."

ಆ ಮನುಷ್ಯ ಹಿತ್ತಲ ಕಡೆ ನೋಡಿದರು. ಗರಿಗಳು ಜೋತುಬಿದ್ದ ಮರ ಅಲ್ಲಿಂದಲೇ ಕಾಣುತ್ತಿತ್ತು. ಅದು ಯಾರ ಮರ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆದರೆ ಅವಳ ಮುಖ ನೋಡಿ ಏನೋ ತಿಳಿದಿರಬೇಕು. ಸೀಸೆಗಳ ಮುಚ್ಚಳ ತಿರುಗಿಸಿ ಪೆಟ್ಟಿಗೆಗೆ ಸೇರಿಸಿದರು. ಮೇಲಿನವರಿಗೆ ಬರೆಯುತ್ತೇನೆ, ನನ್ನ ಕೈಲಾದದ್ದು ಅಷ್ಟೇ ಎಂದು ಹೇಳಿ, ಹೊರಡುವ ಮುಂಚೆ ಅವಳಿಗೆ ಕೈಮುಗಿದರು.

ಜೀಪಿನ ಧೂಳು ಅಡಗುವವರೆಗೆ ಗುರುಶಾಂತಮ್ಮ ಚೆಂಬನ್ನು ಹಿಡಿದು ನಿಂತಿದ್ದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತಾ?"

"ಪೂಜೆಗೆ ಆಗಲ್ಲ ಅಂತ ಗೊತ್ತಿತ್ತು," ಮರುಳಸಿದ್ದಯ್ಯ ಹೇಳಿದ. "ಗಿಡಕ್ಕೆ ಆಗಲ್ಲ ಅಂತ ಹೊಳೀಲಿಲ್ಲ ಕಣೆ."

ಅವಳು ಚೆಂಬನ್ನು ಒಳಗೆ ಒಯ್ದು ಅದರ ಜಾಗದಲ್ಲಿಟ್ಟಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಮಗನನ್ನು ಮಣ್ಣಿಗಿಟ್ಟ ದಿನ ಅಳದಿದ್ದ ಮನುಷ್ಯ ಕಂಬದ ಬುಡದಲ್ಲಿ ಕುಸಿದು ಕೂತು, ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡ. ಬೇಲಿಯಾಚೆಯಿಂದ ಓಡಿಬಂದ ಕೆಂಪಕ್ಕನಿಗೆ ಅವನು ಹೇಳಿದ್ದು ಇಷ್ಟೇ.

"ಶಿವನಿಗೆ ಒಂದು ಚೆಂಬು ತಂದೆ ಕೆಂಪಕ್ಕ. ಅವನಿಗೂ ಒಂದು ಕೊಡ ತರಬೋದಾಗಿತ್ತು."

ಮರುದಿನದಿಂದ ಅವನು ಹೆಗಲ ಮೇಲೆ ಅಡ್ಡೆ ಹೊತ್ತು, ಎರಡು ಕಡೆಗೂ ಕೊಡ ತೂಗುಹಾಕಿಕೊಂಡು ಮಠದ ಬಾವಿಯಿಂದ ನೀರು ತಂದ. ಆ ವಯಸ್ಸಿನಲ್ಲಿ ಹಳ್ಳದ ಏರು ಹತ್ತುವುದು ಸುಲಭವಲ್ಲ. ಕೆಂಪಕ್ಕ ತಂದಳು, ದುರ್ಗಯ್ಯನೂ ಬಂದು ತಂದು ಹಾಕಿದ. ನನ್ನ ಮದ್ದೇ ಅಲ್ಲವೇ ಆ ಬಂಡೆ ಸೀಳಿದ್ದು ಎಂದು ಅವನು ಒಮ್ಮೆ ಅಂದಾಗ, ಸೀಳಿಸಿದವಳು ನಾನು ಕಣಪ್ಪ ಎಂದು ಗುರುಶಾಂತಮ್ಮ ಹೇಳಿದಳು. ಪಾತಿಯ ಉಪ್ಪು ಮಣ್ಣನ್ನು ತೆಗೆದು ಕೆರೆಯ ಗೋಡುಮಣ್ಣು ತುಂಬಿದರು. ಸಿಹಿ ನೀರು ಬುಡಕ್ಕೆ ಬಿದ್ದಾಗ ಅವಳು ಕಾಂಡಕ್ಕೆ ಅಂಗೈ ಇಟ್ಟು ನಿಲ್ಲುತ್ತಿದ್ದಳು, ಮಗುವಿನ ಜ್ವರ ನೋಡುವ ಹಾಗೆ.

ಮರ ಏಳಲಿಲ್ಲ. ನಡು ಸುಳಿ ವಾಲಿತು. ಕಾಯಿ ಕೀಳುವವನು ಹತ್ತಿ ಮೆಲ್ಲಗೆ ಹಿಡಿದೆಳೆದರೆ ಅದು ಕೈಗೇ ಬಂತು. ಸುಳಿಯ ಬುಡದಲ್ಲಿ ಕೊಳೆತ ವಾಸನೆ. ಅವನು ಅದನ್ನು ಕೆಳಗೆ ಎಸೆಯಲಿಲ್ಲ. ಕಂಕುಳಲ್ಲಿಟ್ಟುಕೊಂಡು ಇಳಿದು ಬಂದು, ಅವಳ ಮುಖ ನೋಡದೆ ಜಗುಲಿಯ ಮೇಲಿಟ್ಟು ಹೋದ.

ಆಗ ಕೆಂಪಕ್ಕ ಒಂದು ಮಾತು ನೆನಪಿಸಿದಳು. "ಅಟ್ಟದಾಗೆ ಅವನ ಕಾಯಿ ಐತಲ್ಲೇ. ಒಂದ್ರಾಗೆ ನೀರಿದ್ರೂ ಸಾಕು, ಮೊಳಕೆ ಕಟ್ಟಿಸ್ಬೋದು."

ಬಾವಿ ಇಳಿಸಿದ ಬೇಸಗೆಯಲ್ಲೂ ಅದರ ಮುಂದಿನ ಕೆಲವು ತಿಂಗಳಲ್ಲೂ ಬಲಿತ, ಹಳೇ ಬಾವಿ ನೀರಿಗೇ ಕಚ್ಚಿದ್ದ ಕಾಯಿಗಳು ಅವು. ಆಮೇಲೆ ಮರದಲ್ಲಿ ಕಾಯಿ ನಿಂತಿರಲಿಲ್ಲ. ಇನ್ನು ಬರುವುದು ಎಂದೋ ಎಂದು ಗುರುಶಾಂತಮ್ಮ ಅವನ್ನೆಲ್ಲ ಹಂಚಿಬಿಡದೆ ಹಿಡಿದು ಹಿಡಿದು ಉಳಿಸಿಕೊಂಡಿದ್ದಳು. ಆಗಲೇ ಒಂದನ್ನಾದರೂ ತೇವದ ಮರಳಿನಲ್ಲಿ ಹೂತಿದ್ದರೆ ಸಸಿಯಾಗುತ್ತಿತ್ತು. ಬದುಕಿರುವ ಮರಕ್ಕೆ ಬದಲಿ ಸಸಿ ಮಾಡುವುದು ಅಪಶಕುನ ಎಂದು ಅವಳು ಅದಕ್ಕೆ ಮನಸ್ಸು ಮಾಡಿರಲಿಲ್ಲ.

ಮರುಳಸಿದ್ದಯ್ಯ ಏಣಿ ಹತ್ತಿ ಅಟ್ಟಕ್ಕೆ ಹೋದ. ಅವಳು ಏಣಿಯ ಮೇಲೆ ಅರ್ಧಕ್ಕೆ ನಿಂತಳು, ಕೆಂಪಕ್ಕ ಕೆಳಗೆ ಏಣಿ ಹಿಡಿದಿದ್ದಳು. ತಟ್ಟಿ ಸರಿಸಿ ಅವನು ಒಂದು ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ. ಗಟಗಟ ಎಂದಿತು. ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದ. ಅದೂ ಹಾಗೇ. ಹುಟ್ಟಿದಂದಿನಿಂದ ಆ ಸದ್ದು ಕೇಳಿದಾಗಲೆಲ್ಲ ಅವನ ಮನೆಯಲ್ಲಿ ಸಂತೋಷವಿತ್ತು. ಹದವಾಗಿ ಒಣಗಿದೆ, ಒಂದೂ ಕೆಟ್ಟಿಲ್ಲ ಎಂದು ಅವನ ಅಪ್ಪ ಇದೇ ಅಟ್ಟದಿಂದ ಕೆಳಗೆ ಕೂಗಿ ಹೇಳುತ್ತಿದ್ದ. ಈಗ ಅವನು ಒಂದು ತೊಟ್ಟು ನೀರಿನ ಸದ್ದಿಗಾಗಿ ಉಸಿರು ಹಿಡಿದು ಕಿವಿಗೊಡುತ್ತಿದ್ದ. ಕಾಯಿಗಳು ಒಂದಾದ ಮೇಲೊಂದು, ಹದವಾಗಿ, ಒಂದೂ ಕೆಡದೆ, ಗಟಗಟ ಎಂದವು. ಕೊನೆಯದನ್ನು ಅವನು ಅಲ್ಲಾಡಿಸದೆ ಅವಳ ಕೈಗೆ ಕೊಟ್ಟ. ಅವಳು ಅದನ್ನು ಎದೆಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕಿವಿಗೆ ತಂದು ಅಲ್ಲಾಡಿಸಿದಳು.

"ಇಳೀರಿ," ಎಂದಳು. "ಎಲ್ಲಾನೂ ಕೆಳಕ್ಕೆ ಕೊಡಿ."

ಕಾರ್ತಿಕ ಬಂತು. ಶಂಭು ಹೋದ ದಿನ ಬೆಳಿಗ್ಗೆ ಗದ್ದುಗೆಗೆ ಪತ್ರೆ ಏರಿಸಿ ಬಂದು, ಗುರುಶಾಂತಮ್ಮ ಅಷ್ಟೂ ಕಾಯಿಗಳನ್ನು ಸುಲಿಸಿ ಒಡೆದಳು. ಒಂದನ್ನೂ ಉಳಿಸಿಕೊಳ್ಳಲಿಲ್ಲ. ಮಠದ ಬಾವಿಯ ನೀರಿನಲ್ಲಿ ಅವಳು ಸ್ನಾನ ಮಾಡಿದ ನೀರು ಬಚ್ಚಲ ಕಾಲುವೆಯಲ್ಲಿ ಹರಿದು, ಗರಿಯಿಲ್ಲದೆ ಕಂಬದಂತೆ ನಿಂತ ಮರದ ಪಾತಿಯಲ್ಲಿ ಇಂಗುತ್ತಿತ್ತು. ಬಂದವರಿಗೆಲ್ಲ ಕೊಬ್ಬರಿ, ಬೆಲ್ಲ ಕೊಟ್ಟಳು. ಇನ್ನು ಮುಂದೆ ಇರುವುದಿಲ್ಲ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಜನ ಎರಡು ಕೈ ಒಡ್ಡಿ ತೆಗೆದುಕೊಂಡು, ಅಲ್ಲೇ ಜಗುಲಿಯ ಮೇಲೆ ಕೂತು ನಿಧಾನವಾಗಿ ತಿಂದರು.

ಕೆಂಪಕ್ಕ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತಿನ ಮೇಲೆ ಹೇಳಿದಳು. "ಬೆಲ್ಲವೇ ಬೇಡ ಕಣೆ ಇದಕ್ಕೆ. ಏನು ಸಿಹಿ."

"ಹಳೇ ನೀರು ಕಣೆ," ಎಂದಳು ಗುರುಶಾಂತಮ್ಮ.

ಕಂಬದ ಬುಡದಲ್ಲಿ ಮರುಳಸಿದ್ದಯ್ಯ ತನ್ನ ಪಾಲಿನ ಚೂರನ್ನು ಬಾಯಿಗೆ ಹಾಕಿಕೊಂಡು, ಅಗಿಯದೆ, ನುಂಗದೆ ಕೂತಿದ್ದ.